ತದಡಿಯ ಕಾಗೆಗೆ ಅನ್ನ ಬೇಡ

ನಮ್ಮನ್ನು ಹೆತ್ತ ಆಯಿ ತೀರಿಕೊಂಡ ಹನ್ನೊಂದನೆಯ ದಿನ ನಾವು ಮನೆಮಂದಿಯೆಲ್ಲ ತದಡಿಯ ಹೊಳೆ ದಂಡೆಯ ಮೇಲೆ ನಿಂತು ಒಂದು ಕಾಗೆಯ ದಾರಿ ಕಾಯುತ್ತಿದ್ದೆವು. ಬಾಳೆ ಎಲೆಯಲ್ಲಿ ಅನ್ನದ ಉಂಡೆ, ಮೇಲೆ ಎಳ್ಳು, ಪಕ್ಕದಲ್ಲಿ ನೀರು. ಭಟ್ಟರು ತಮ್ಮ ಕೆಲಸ ಮುಗಿಸಿ, "ಕಾಗೆ ಮುಟ್ಟಿದ ಮೇಲೆ ಮಿಂದು ಮನೆಗೆ ಹೋಗಿ" ಎಂದು ಹೇಳಿ ಬೈಕು ಹತ್ತಿದ್ದರು. ತಲೆ ಬೋಳಿಸಿಕೊಂಡ ನನ್ನ ತಮ್ಮ ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ. ಕಾಗೆ ಬಂದು ಮುಟ್ಟಿದರೆ ಸತ್ತವರ ಮನಸ್ಸಿನಲ್ಲಿ ಏನೂ ಉಳಿದಿಲ್ಲ ಎಂದು ಅರ್ಥ. ಮುಟ್ಟದಿದ್ದರೆ ಯಾವುದೋ ಆಸೆ ಉಳಿದಿದೆ. ಅದು ಯಾವುದೆಂದು ಬದುಕಿರುವವರು ಊಹಿಸಿ, ನಡೆಸಿಕೊಡುತ್ತೇವೆಂದು ಗಟ್ಟಿಯಾಗಿ ಮಾತು ಕೊಡಬೇಕು. ಸರಿಯಾದ ಮಾತು ಬಾಯಿಂದ ಬಿದ್ದಾಗ ಕಾಗೆ ಇಳಿಯುತ್ತದೆ. ಹಾಗೆ ಕೊಟ್ಟ ಮಾತನ್ನು ಮುರಿದವರು ನಮ್ಮ ಕೇರಿಯಲ್ಲಿ ಯಾರೂ ಇಲ್ಲ.

ಆಯಿಯ ಮನಸ್ಸಿನಲ್ಲಿ ಉಳಿದದ್ದು ಏನೆಂದು ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ನನ್ನ ತಂಗಿಯ ಮದುವೆ. ಹುಡುಗ ಹೊನ್ನಾವರದವನು, ಬೋಟಿನ ಎಂಜಿನ್ ರಿಪೇರಿ ಮಾಡುವವನು. ಆಯಿಯ ತಮ್ಮ, ಅಂದರೆ ನಮ್ಮ ಮಾವನ ಬೋಟಿನ ಎಂಜಿನ್ ಕೆಟ್ಟಾಗ ತದಡಿಗೆ ಬಂದವನು, ಎಂಜಿನ್ ಸರಿಯಾದ ಮೇಲೂ ಬರುತ್ತಲೇ ಇದ್ದ. ಅವನನ್ನು ಬಿಟ್ಟು ಬೇರೆ ಯಾರನ್ನೂ ಆಗುವುದಿಲ್ಲ ಎಂದು ತಂಗಿ ಹೇಳಿಯಾಗಿತ್ತು. ಆಗಬಾರದು ಎಂದು, ಅಪ್ಪನಿಲ್ಲದ ನಮ್ಮ ಮನೆಗೆ ಹಿರಿಯನಾದ ಮಾವ ಹೇಳಿಯಾಗಿತ್ತು. ಆಯಿ ಮಾತ್ರ ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಹೊರಟುಹೋದಳು.

ಆಯಿಯ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಈ ದಿನವೇ ಮೊದಲು ನೆನಪಾಗುತ್ತದೆ. ನೆನೆದರೆ ಈಗಲೂ ಆ ಕಾಗೆಯ ದಾರಿ ಕಾಯುತ್ತ ಕೂತುಬಿಡುತ್ತೇನೆ. ಅಳುವುದಕ್ಕೂ ಪುರಸೊತ್ತು ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಭವಿಷ್ಯ ಎಂಬ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ಭವಿಷ್ಯ ಬರುವುದು ಪೇಪರಿನಲ್ಲಿ, ಅದೂ ಮೀನು ಕಟ್ಟಿಕೊಡುವ ಹಳೆ ಪೇಪರಿನಲ್ಲಿ. ಆಯಿಗೆ ಇದ್ದದ್ದು ಶಕುನ. ಹಲ್ಲಿ ಲೊಚಗುಟ್ಟಿದರೆ ಆಗ ಆಡುತ್ತಿದ್ದ ಮಾತು ನಿಜವಾಗುತ್ತದೆ ಎಂದು ನೆಲ ತಟ್ಟುತ್ತಿದ್ದಳು. ಬಾಗಿಲ ಎದುರು ಕಾಗೆ ಕೂಗಿದರೆ ಒಂದು ಪಾವು ಅಕ್ಕಿ ಹೆಚ್ಚು ಹಾಕುತ್ತಿದ್ದಳು, ನೆಂಟರು ಬರುತ್ತಾರೆಂದು. ಬುಟ್ಟಿ ಹೊತ್ತು ಹೊರಟವಳಿಗೆ ಎಲ್ಲಿಗೆ ಎಂದು ಕೇಳಬಾರದು. ಹೊರಡುವಾಗ 'ಹೋಗ್ತೆ' ಎನ್ನಬಾರದು, 'ಬತ್ತೆ' ಎನ್ನಬೇಕು. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ ಹಾಗೆ, ಮೀನು ಮುಗಿದರೆ ಮುಗಿಯಿತು ಎನ್ನಬಾರದು. ಕುಮಟೆಯ ಮೀನುಪೇಟೆಯಲ್ಲಿ ಖಾಲಿ ಬುಟ್ಟಿಯನ್ನು ಕವುಚಿ ಅದರ ಮೇಲೆ ಕೂತು, "ಇವತ್ತು ತುಂಬ್ತು, ನಾಳೆ ಬನ್ನಿ" ಎಂದು ಆಯಿ ಗಿರಾಕಿಗಳಿಗೆ ಹೇಳುವುದನ್ನು ಕೇಳಿ ನಾನು ಚಿಕ್ಕವಳಿದ್ದಾಗ ತಬ್ಬಿಬ್ಬಾಗುತ್ತಿದ್ದೆ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಶಕುನ ಎಂದರೆ ಮೂಲದಲ್ಲಿ ಹಕ್ಕಿ ಎಂದೇ ಅರ್ಥ ಎಂದು ಕನ್ನಡದ ಮಾಸ್ತರು ಒಮ್ಮೆ ಹೇಳಿದ್ದರು. ಮನೆಗೆ ಬಂದು ಆಯಿಗೆ ದೊಡ್ಡ ಸುದ್ದಿಯ ಹಾಗೆ ಹೇಳಿದೆ.

"ಅದ್ಕೇ ಅದು ಒಂದ್ಕಡೆ ನಿಲ್ಲೂದಿಲ್ಲ" ಎಂದಳು ಆಯಿ, ತಾರ್ಲೆ ಮೀನಿನ ತಲೆ ತೆಗೆಯುತ್ತ.

ಅವಳು ಶಕುನವನ್ನು ನಂಬುತ್ತಿದ್ದಳು, ಆದರೆ ಅದಕ್ಕೆ ಸಿಕ್ಕಿಬೀಳುತ್ತಿರಲಿಲ್ಲ. ಬೆಕ್ಕು ಅಡ್ಡ ಹೋದರೆ ಬುಟ್ಟಿ ಇಳಿಸಿ, ಒಳಗೆ ಬಂದು ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡುತ್ತಿದ್ದಳು. ಮತ್ತೆ ಬೆಕ್ಕು ಬಂದರೆ ಮತ್ತೆ ನೀರು. ಬಸ್ಸು ತಪ್ಪುತ್ತದೆ ಎಂದು ನಾವು ಕೂಗಿದರೆ, "ಮೀನ್ ಬುಟ್ಟಿ ಹೊತ್ತವ್ಳಿಗೆ ಬೆಕ್ಕು ಅಡ್ಡ ಬರ್ದೆ ಆನೆ ಬತ್ತದ್ಯಾ?" ಎನ್ನುತ್ತಿದ್ದಳು.

ಮದುವೆಯಾದ ಮೇಲೆ ನಾನು ಶಿರಾಲಿಗೆ ಬಂದೆ. ಭಟ್ಕಳದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಅಂಗಡಿಯ ಯಜಮಾನರ ಹೆಂಡತಿ ಒಮ್ಮೆ ಸೀರೆ ಮಡಚುತ್ತ ಹೇಳಿದ್ದರು, ಅವರಲ್ಲಿ ಮನಸ್ಸು ಎರಡಾದಾಗ ಬೇರೆಯಾಗಿ ನಮಾಜು ಮಾಡಿ ಒಳ್ಳೆಯ ದಾರಿ ತೋರಿಸೆಂದು ದೇವರಲ್ಲಿ ಬೇಡಿಕೊಳ್ಳುತ್ತಾರಂತೆ, ಅದಕ್ಕೆ ಇಸ್ತಿಖಾರಾ ಎನ್ನುತ್ತಾರಂತೆ. ನಮ್ಮ ಮನೆಯವರು ಇಡಗುಂಜಿಗೆ ಹೋಗುತ್ತಾರೆ, ಪ್ರಸಾದ ಕೇಳಲು. ಗಣಪತಿಯ ಎರಡು ಪಾದಗಳಿಗೂ ಒಂದೊಂದು ಎಲೆ ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಸಂಬಂಧ ಮಾಡಬಹುದು, ಎಡಗಡೆಯದು ಬಿದ್ದರೆ ಬೇಡ. ಎಲೆ ಬೀಳುವವರೆಗೆ ಎರಡು ಮನೆಯವರೂ ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

ಹುಡುಗನ ಮನೆಯವರು ಕೇಳಿ ಕಳಿಸಿದ ದಿನ ನಾನು ತದಡಿಯಲ್ಲೇ ಇದ್ದೆ. ಆಯಿ ಜಗಲಿಯಲ್ಲಿ ಕೂತು ಮಾವನ ಎದುರು ಮಾತು ತೆಗೆದಳು. ಮಾವನ ಹೆಂಡತಿ, ನಮ್ಮ ಅತ್ತೆ, ಒಳಗೆ ಮೆಣಸು ಹುರಿಯುತ್ತಿದ್ದಳು. "ಹೊನ್ನಾವರದ ಆ ಹುಡ್ಗ..." ಎಂದು ಆಯಿ ಅನ್ನುವಷ್ಟರಲ್ಲಿ ಮಾವ ಸೀನಿದ.

ಒಂದೇ ಸೀನು. ಎರಡು ಬಂದರೆ ಶುಭ, ಒಂದೇ ಆದರೆ ಕೆಲಸ ಕೆಡುತ್ತದೆ. ನಾವೆಲ್ಲ ಮಾತು ಬಿಟ್ಟು ಮಾವನ ಮೂಗನ್ನೇ ನೋಡುತ್ತ ಕೂತೆವು. ಮಾವನೂ ಬಾಯಿ ತೆರೆದು, ಕಣ್ಣು ಅರ್ಧ ಮುಚ್ಚಿ ಕಾದ.

"ಸೂರ್ಯನ್ನ ಕಾಣು ಮಾವಾ, ಬತ್ತದೆ" ಎಂದಳು ತಂಗಿ.

ಬರಲಿಲ್ಲ. ಮಾವ ಮೂಗು ಒರೆಸಿಕೊಂಡ. "ಒಂಟಿ ಸೀನು. ಈ ಸಂಬಂಧ ಬೇಡ ಅಕ್ಕಾ."

"ಅದು ಮೆಣಸಿನ ಘಾಟಿಗೆ ಬಂದದ್ದು" ಎಂದು ಅತ್ತೆ ಒಳಗಿನಿಂದ ಕೂಗಿದಳು.

"ಘಾಟು ದಿನಾ ಇರ್ತದೆ. ಸೀನು ಇವತ್ತೇ ಬಂದದ್ದೆಂತಕೆ?"

ಆಯಿ ಇಬ್ಬರ ಜಗಳವನ್ನೂ ಕೇಳಿ, "ಆತು. ಇಡಗುಂಜಿಗೆ ಹೋಗಿ ಪ್ರಸಾದ ಕೇಳ್ಕಂಡು ಬರ್ವಾ. ಮತ್ತೆ ಹೇಳ್ತೆ" ಎಂದಳು. ಅಷ್ಟರಲ್ಲಿ ಬೋಟುಗಳಿಗೆ ಶೆಟ್ಲಿ, ಅಂದರೆ ಸೀಗಡಿ, ಬೀಳಲು ಶುರುವಾಯಿತು. ಶೆಟ್ಲಿ ಸಿಗುವ ದಿನಗಳಲ್ಲಿ ಆಯಿಗೆ ಊಟಕ್ಕೂ ಬಿಡುವಿರುತ್ತಿರಲಿಲ್ಲ. ಮುಂದಿನ ವಾರ, ಮುಂದಿನ ವಾರ ಎನ್ನುತ್ತಿದ್ದಳು. ಆಮೇಲೆ ಜ್ವರ ಬಂತು. ಅದು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಯಿತು.

ಹೆತ್ತವರು ಸತ್ತರೆ ನಮ್ಮಲ್ಲಿ ಒಂದು ವರ್ಷ ಗುಡಿಯ ಮೆಟ್ಟಿಲು ಹತ್ತುವುದಿಲ್ಲ. ಮನೆಯಲ್ಲಿ ಮದುವೆ ಮಾಡುವುದಾದರೆ ಆ ವರ್ಷದೊಳಗೆ ಮಾಡಬೇಕು, ತಪ್ಪಿದರೆ ಮೂರು ವರ್ಷ ಕಾಯಬೇಕು. ಇಡಗುಂಜಿಗೆ ಹೋಗುವಂತಿಲ್ಲ, ಕಾಯಲು ಹುಡುಗನ ಮನೆಯವರು ತಯಾರಿಲ್ಲ. ಕೇಳಲು ಉಳಿದದ್ದು ಆ ಕಾಗೆಯೊಂದೇ.

ಕಾಗೆಯೋ, ಬರಲೇ ಇಲ್ಲ. ಬಿಸಿಲು ಏರಿತು. ಅನ್ನದ ಮೇಲಿನ ಎಳ್ಳು ಒಣಗಿತು. ತಮ್ಮನೇ ಮೊದಲು ಬಾಯಿ ಬಿಟ್ಟ. "ಆಯೀ, ಇನ್ಮೇಲೆ ಬೀಡಿ ಮುಟ್ಟೂದಿಲ್ಲ."

ಅತ್ತೆ ಆಕಾಶ ನೋಡಿದಳು. "ಕಾಗೆಗೂ ನಂಬ್ಕೆ ಬರ್ಲಿಲ್ಲ ಕಾಣು."

ಮಾವ ಕೈ ಮುಗಿದ. "ಅಕ್ಕಾ, ನಿನ್ನ ಮಗಂಗೆ ನನ್ನ ಬೋಟ್ನಲ್ಲೇ ಕೆಲ್ಸ ಕೊಡ್ತೆ." ಯಾವ ಕಾಗೆಯೂ ಇಲ್ಲ. "ಮಳೆಗಾಲ ಬರೂದ್ರೊಳಗೆ ನಿನ್ನ ಮನೆ ಹಂಚು ತಿರುಗ್ಸಿ ಕೊಡ್ತೆ." ದೂರದಲ್ಲಿ ಒಂದು ಕಾಗೆ ಹಾರಿತು, ನಮ್ಮ ಕಡೆ ನೋಡದೆ ಬಂದರಿನ ಕಡೆ ಹೋಯಿತು. "ನಿನ್ನ ಬುಟ್ಟಿ, ನಿನ್ನ ಕತ್ತಿ ಯಾರಿಗೂ ಕೊಡೂದಿಲ್ಲ, ಆತಾ?" ಮಾವನ ಧ್ವನಿ ಸಣ್ಣದಾಗುತ್ತಿತ್ತು. ಹೇಳಬೇಕಾದ ಒಂದೇ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಹೇಳಿದ. ನಾವೆಲ್ಲ ಅವನ ಮುಖ ನೋಡುತ್ತಿದ್ದೆವು. ಅವನು ನೀರು ನೋಡುತ್ತಿದ್ದ.

ತಂಗಿಗೆ ತಡೆಯಲಾಗಲಿಲ್ಲ. ಎಲೆಯ ಮುಂದೆ ಹೋಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು, ಆಯಿ ಬದುಕಿದ್ದಾಗ ಜಗಳಕ್ಕೆ ನಿಲ್ಲುತ್ತಿದ್ದ ಹಾಗೆಯೇ. "ಆಯೀ, ಬೇಕು ಅಂದ್ರೆ ಬಾ. ಬೇಡ ಅಂದ್ರೆ ಬೇಡ ಅಂತಾದ್ರೂ ಬಂದು ಹೇಳು! ಹಿಂಗೆ ಮಧ್ಯ ನಿಲ್ಸಿ ಹೋದ್ರೆ ನಾ ಎಂತ ಮಾಡೂದು?"

ನಾನು ಹೆಚ್ಚು ಮಾತಾಡುವವಳಲ್ಲ. ಹತ್ತು ಜನರ ಎದುರು ಗಟ್ಟಿಯಾಗಿ ಮಾತಾಡಿದ್ದು ನನಗೆ ನೆನಪಿಲ್ಲ. ಆದರೆ ಆಗ ನನ್ನ ಬಾಯಿಂದ ಮಾತು ಬಂತು. "ಆಯೀ, ತಂಗಿ ಮದ್ವೆ ಆ ಹುಡ್ಗನ ಸಂಗ್ತಿಗೇ ಮಾಡ್ಸ್ತೆ. ಹಿರೇ ಮಗ್ಳು ನಾ ಹೇಳ್ತೆ."

ಎಲ್ಲರೂ ತಲೆ ಎತ್ತಿದರು. ಗಾಳಿಮರಗಳ ತುದಿಯಿಂದ ಬಂದರಿನ ಐಸ್ ಫ್ಯಾಕ್ಟರಿಯ ತಗಡಿನವರೆಗೆ ಎಲ್ಲರ ಕಣ್ಣು ಓಡಿತು. ಏನೂ ಬರಲಿಲ್ಲ.

"ಕಂಡ್ರ್ಯಾ?" ಎಂದ ಮಾವ. ಗೆದ್ದವನ ಧ್ವನಿ ಅದಾಗಿರಲಿಲ್ಲ. ತಂಗಿ ಮರಳಿನ ಮೇಲೆ ಕುಸಿದು ಕೂತಳು.

ಆಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಎಂತ ಕಾಣೂದು? ತದಡಿ ಕಾಗೆ ಇದು. ಬಂದರ್ನಲ್ಲಿ ತಾರ್ಲೆ ರಾಶಿ ಬಿದ್ಕಂಡದೆ. ಹೊಟ್ಟೆ ಬಿರ್ಯೂವಷ್ಟು ಮೀನ್ ತಿಂದ್ಕಂಡು ಕೂತ ಕಾಗೆ ನಿಮ್ಮ ಒಣ ಅನ್ನಕ್ಕೆ ಬತ್ತದ್ಯಾ?"

"ಕ್ರಿಯೆ ದಿನ ಮೀನ್ ಹಾಕೂಕೆ ಹೇಳ್ತಿದ್ಯಾ?" ಮಾವ ಕೇಳಿದ.

"ಅತ್ತಿಗೆ ಯಾವ ದಿನ ಮೀನಿಲ್ದೆ ಉಂಡಿದ್ಲು? ಇವತ್ತು ಅವ್ಳ ಎಲೆಗೆ ಬರೇ ಅನ್ನ ಬಡ್ಸಿ, ಬರ್ಲಿಲ್ಲ ಬರ್ಲಿಲ್ಲ ಅಂದ್ರೆ?"

ಮಾವ ಉತ್ತರ ಹುಡುಕುವಷ್ಟರಲ್ಲಿ ನಾನು ಓಡುತ್ತಿದ್ದೆ. ಸೀರೆ ಎತ್ತಿ ಹಿಡಿದು, ಬಲೆ ಒಣಹಾಕಿದ್ದ ಕಡೆಯಿಂದ ಅಡ್ಡ ಹಾಯ್ದು ಬಂದರಿಗೆ. ಅತ್ತೆ ಹೇಳಿದ್ದು ನಿಜ. ಊರಿನ ಕಾಗೆಗಳೆಲ್ಲ ಅಲ್ಲಿದ್ದವು, ಬೋಟಿನ ಅಂಚಿನ ಮೇಲೆ, ಐಸಿನ ಪೆಟ್ಟಿಗೆಗಳ ಮೇಲೆ, ಸಾಲಾಗಿ, ಮದುವೆ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತ ಕೂತ ನೆಂಟರ ಹಾಗೆ. ಆಯಿಯ ಜೊತೆ ಬುಟ್ಟಿ ಹೊರುತ್ತಿದ್ದ ಒಬ್ಬಳು ನನ್ನ ಒದ್ದೆ ತಲೆ ನೋಡಿದಳು. ತನ್ನ ರಾಶಿಯಿಂದ ಒಂದು ದಪ್ಪ ಬಂಗಡೆ ಎತ್ತಿ ನನ್ನ ಕೈಗೆ ಹಾಕಿದಳು.

ಹಿಂದಿರುಗಿ ಓಡುವಾಗ ರೆಕ್ಕೆಯ ಸದ್ದು ಕೇಳಿತು. ನೋಡಿದರೆ ತಲೆಯ ಮೇಲೆ ಕಾಗೆಗಳು! ಒಂದು, ಮೂರು, ಆಮೇಲೆ ಎಣಿಸಲಾಗದಷ್ಟು. ಆ ಬಿಸಿಲಿನಲ್ಲಿ, ಆ ದುಃಖದ ದಿನದಲ್ಲಿ, ಕೈಯಲ್ಲಿ ಬಂಗಡೆ ಹಿಡಿದು ಕಾಗೆಗಳ ದಿಬ್ಬಣ ಕಟ್ಟಿಕೊಂಡು ನಾನು ಮರಳಿನ ಮೇಲೆ ಓಡಿದೆ. "ಬಂತು, ಬಂತು!" ಎಂದು ತಂಗಿ ಎದ್ದು ಕುಣಿಯುತ್ತಿದ್ದಳು.

ಮೀನನ್ನು ಅನ್ನದ ಉಂಡೆಯ ಮೇಲೆ ಇಟ್ಟು ಹೇಳಿದೆ, "ಆಯೀ, ಆಗ ಹೇಳಿದ್ದೇ ಮಾತು. ಒಪ್ಪಿಗೆ ಇದ್ರೆ ತಕೋ."

ಎಲ್ಲರೂ ಹಿಂದೆ ಸರಿದೆವು. ಒಂದು ಕಾಗೆ ಇಳಿಯಿತು. ಅಷ್ಟು ದೂರದಲ್ಲಿ ನಿಂತು ಕತ್ತು ಓರೆ ಮಾಡಿತು. ಒಂದು ಹೆಜ್ಜೆ ಕುಪ್ಪಳಿಸಿತು. ಅಷ್ಟರಲ್ಲಿ ಮೇಲಿನಿಂದ ಒಂದು ಗರುಡ ಸುತ್ತುತ್ತ ಕೆಳಗಿಳಿಯತೊಡಗಿತು. ಕೆಂಪು ರೆಕ್ಕೆ, ಬಿಳಿ ಎದೆ.

"ಗರುಡ! ಕೈ ಮುಗೀರಿ, ಒಳ್ಳೇದು" ಎಂದ ಮಾವ, ಅಭ್ಯಾಸಬಲದಿಂದ.

"ಎಂತ ಒಳ್ಳೇದು? ಮೀನ್ ಎತ್ಕಂಡು ಹೋತದೆ!" ಅತ್ತೆ ಕೂಗಿದಳು. "ಓಡ್ಸಿ, ಓಡ್ಸಿ!"

"ಗರುಡನ್ನ ಓಡ್ಸೂದಾ?"

"ಗರುಡ ಮುಟ್ಟಿದ್ರೆ ಲೆಕ್ಕಕ್ಕೆ ಬತ್ತದ್ಯಾ ಮಾವಾ?" ತಮ್ಮ ಕೇಳಿದ.

ಒಂದು ಕೈಯಿಂದ ನಮಸ್ಕರಿಸುತ್ತ ಇನ್ನೊಂದು ಕೈಯಿಂದ ಹೋ ಹೋ ಎಂದು ಓಡಿಸುತ್ತಿದ್ದೆವು. ಕಾಗೆ ಹೆದರಿ ಹಾರಿಹೋಗಬೇಕಿತ್ತು. ಹೋಗಲಿಲ್ಲ. ಗರುಡನ ನೆರಳು ಎಲೆಯ ಮೇಲೆ ಬಿದ್ದ ಕ್ಷಣ ಅದು ಮುಂದೆ ನುಗ್ಗಿ, ಬಂಗಡೆಯ ಬಾಲ ಕಚ್ಚಿ ಎಳೆಯಿತು. ಅನ್ನದ ಉಂಡೆ ಉರುಳಿ ಒಡೆಯಿತು. ಬಂಗಡೆ ಭಾರವಿತ್ತು. ಕಾಗೆ ಅದನ್ನು ಮರಳಿನ ಮೇಲೆ ಎಳೆದು, ಬಿಟ್ಟು, ಮತ್ತೆ ಕಚ್ಚಿ ಮೇಲೆದ್ದಿತು. ಉಳಿದ ಕಾಗೆಗಳು ಕಾ ಕಾ ಎಂದು ಬೆನ್ನು ಹತ್ತಿದವು.

ನಾವು ಚಪ್ಪಾಳೆ ಹೊಡೆದೆವು. ಹನ್ನೊಂದನೆಯ ದಿನ ಹೊಳೆ ದಂಡೆಯಲ್ಲಿ ಚಪ್ಪಾಳೆ ಹೊಡೆದವರು ಊರಲ್ಲಿ ಬೇರೆ ಯಾರೂ ಇರಲಾರರು. ತಂಗಿ ನನ್ನನ್ನು ತಬ್ಬಿಕೊಂಡಳು. ನನ್ನ ಕೈಯ ಮೀನಿನ ವಾಸನೆಗೆ ನನಗೆ ಆಯಿಯೇ ತಬ್ಬಿದ ಹಾಗಾಯಿತು.

"ಅದು ಮುಟ್ಟಿದ್ದು ಮೀನ್ನ, ಅನ್ನ ಅಲ್ಲ" ಎಂದ ಮಾವ.

"ಕೊಕ್ಕಿಗೆ ಅನ್ನ ಹತ್ತಿತ್ತು, ನಾ ಕಂಡೆ" ಎಂದಳು ಅತ್ತೆ.

"ಮೀನಿನ ಆಸೆಗೆ ಬಂತು. ಮಾತಿಗೆ ಬಂದದ್ದಲ್ಲ."

ಮಿಂದು ಮನೆಗೆ ಬಂದೆವು. ಆ ದಿನದ ಊಟಕ್ಕೂ ಒಂದು ಕ್ರಮವಿದೆ. ಸತ್ತವಳ ತವರಿನವರು, ಅಂದರೆ ಅವಳ ತಮ್ಮ, ಮೊದಲ ತುತ್ತು ಎತ್ತಬೇಕು. ಆಮೇಲೆ ಉಳಿದವರು. ಎಲೆ ಹಾಕಿ ಬಡಿಸಿಯಾಯಿತು. ಸಾರಿನ ಹಬೆ ಏಳುತ್ತಿತ್ತು. ಮಾವ ಕೈಯನ್ನು ಎಲೆಯ ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದ. ಸಾಲಿನಲ್ಲಿ ಕೂತವರು ಹಸಿದಿದ್ದರು, ಒಬ್ಬೊಬ್ಬರೇ ಕತ್ತು ಚಾಚಿ ಅವನ ಕೈಯನ್ನು ನೋಡತೊಡಗಿದರು.

ಅತ್ತೆ ಸಾರಿನ ಪಾತ್ರೆ ಹಿಡಿದು ಅವನ ಎದುರು ನಿಂತಳು. "ಕಾಗೆಗಾದ್ರೂ ಮೀನ್ ಹಾಕಿದ್ಮೇಲೆ ಬಂತು. ನಿಮ್ಗೆ ಎಂತ ಹಾಕೂದು?"

ಯಾರೋ ಕಿಸಕ್ಕೆಂದರು. ಮಾವ ನಗಲಿಲ್ಲ. ಎಲೆಯನ್ನೇ ನೋಡುತ್ತ ಹೇಳಿದ, "ಹುಡ್ಗ ಒಳ್ಳೆಯವ್ನು. ನಂಗೆ ಗೊತ್ತಿಲ್ದೆ ಅಲ್ಲ. ಆದ್ರೆ ಆ ಶಕುನ ಸುಳ್ಳು ಅಂತಾದ್ರೆ ನಾ ಸುಮ್ನೆ ತಡೆದಂಗೆ ಆತಲ್ಲ. ಆ ದಿನ ನಾ ಸೀನದೆ ಇದ್ರೆ ಅಕ್ಕ ಆಗ್ಲೇ ಹೂಂ ಅಂತಿದ್ಲು. ಮಗ್ಳ ಮದ್ವೆ ಕಂಡ್ಕಂಡು ಹೋತಿದ್ಲು."

ಸಾರಿನ ಪಾತ್ರೆ ಅತ್ತೆಯ ಕೈಯಲ್ಲೇ ನಿಂತಿತು. ಅಷ್ಟು ದಿನ ಅವನು ಸೀನನ್ನು ಹಿಡಿದುಕೊಂಡಿದ್ದದ್ದು ಯಾಕೆಂದು ಆಗ ನಮಗೆ ತಿಳಿಯಿತು. ಸೀನು ನಿಜವಾದರೆ ಅವನು ಅಕ್ಕನ ಮಗಳನ್ನು ಉಳಿಸಿದವನು. ಸುಳ್ಳಾದರೆ ಅಕ್ಕನ ಕಣ್ಣಿನಿಂದ ಒಂದು ಮದುವೆಯನ್ನು ಕಸಿದವನು.

ನನಗೆ ಆಯಿ ಆಡಿದ ಒಂದು ಮಾತು ನೆನಪಾಯಿತು. ಆ ಸೀನಿನ ದಿನ ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದವಳು ದಾರಿಯುದ್ದಕ್ಕೂ ನಕ್ಕಿದ್ದಳು. ತನ್ನ ತಮ್ಮನನ್ನು ಅಣಕಿಸುತ್ತಿದ್ದಾಳೆ ಎಂದಷ್ಟೇ ನಾನು ತಿಳಿದಿದ್ದೆ. ಅದನ್ನು ಒಪ್ಪಿಗೆ ಎಂದು ಹೇಳಿ ಸತ್ತವಳ ಬಾಯಿಗೆ ಮಾತು ತುರುಕುವುದು ನನ್ನಿಂದ ಆಗುತ್ತಿರಲಿಲ್ಲ. ಆದರೆ ಮಾವ ಈಗ ಕೇಳುತ್ತಿದ್ದುದು ಮದುವೆಯ ವಿಷಯವನ್ನಲ್ಲ.

"ಮಾವಾ," ಎಂದೆ, "ಆಯಿ ಆವತ್ತು ಬಸ್ಸಿಗೆ ಹೋಗುವಾಗ ಎಂತ ಹೇಳಿದ್ಲು ಗೊತ್ತಾ? 'ಅವಂಗೆ ಸಣ್ಣವ ಇರ್ಬೇಕಾದ್ರೂ ಹಂಗೇ, ಒಂದು ಸೀನು ಹೊರಗೆ, ಒಂದು ಮೂಗಿನೊಳಗೆ. ಅವ್ನ ಒಂಟಿ ಸೀನಿಗೆಲ್ಲ ನಿಂತಿದ್ರೆ ನಾ ಜನ್ಮದಲ್ಲಿ ಮನೆಯಿಂದ ಹೊರಗೇ ಬೀಳ್ತಿರ್ಲಿಲ್ಲ' ಅಂದ್ಲು. ಅವ್ಳು ನಿನ್ನ ಸೀನಿಗೆ ನಿಂತದ್ದಲ್ಲ. ಶೆಟ್ಲಿ ಬಂತಲ್ಲ, ಅದಕ್ಕೆ ನಿಂತದ್ದು."

ಮಾವ ನನ್ನ ಮುಖ ನೋಡಿದ. ಅವನ ಗಲ್ಲ ಅದುರಿತು. ಅಳುತ್ತಾನೆ ಎಂದುಕೊಂಡೆ. ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಮೈಯೆಲ್ಲ ಕುಲುಕಿಸಿ, ಕಣ್ಣಿನಲ್ಲಿ ನೀರು ಬರುವಷ್ಟು. "ಹೌದು," ಎಂದ, "ಶೆಟ್ಲಿ ಬಂದ್ರೆ ಅವ್ಳು ದೇವ್ರನ್ನೂ ಕಾಯೂಕೆ ಹೇಳ್ತಿದ್ಲು." ಅನ್ನಕ್ಕೆ ಸಾರು ಕಲಸಿ ತುತ್ತು ಎತ್ತಿದ. ಸಾಲಿನಲ್ಲಿದ್ದ ಕೈಗಳೆಲ್ಲ ಒಟ್ಟಿಗೆ ಎಲೆಗೆ ಇಳಿದವು.

ಎರಡನೆಯ ತುತ್ತು ನುಂಗಿ ಅವನು ತಂಗಿಯ ಕಡೆ ತಿರುಗಿದ. "ಆ ಎಂಜಿನ್ ಹುಡ್ಗಂಗೆ ಫೋನ್ ಹಚ್ಚು."

"ಈಗ್ಲಾ? ಎಲ್ಲಾ ಉಣ್ತಿದ್ದಾರೆ ಮಾವಾ."

"ಉಣ್ಲಿ. ಅವ್ರ ಕಿವಿಗೆ ಎಂತಾಗಿದೆ?"

ತಂಗಿ ಬಾಗಿಲ ಪಕ್ಕ ನಿಂತು ಫೋನು ಹಚ್ಚಿದಳು. ಎರಡು ಸಲ ತಪ್ಪಿ ಒತ್ತಿದಳು. ರಿಂಗಾಗುವ ಸದ್ದು ನಮಗೂ ಕೇಳುತ್ತಿತ್ತು. ಅತ್ತೆ ಸೌಟು ಹಿಡಿದಲ್ಲೇ ನಿಂತಳು. ಆ ಕಡೆಯಿಂದ ಹಲೋ ಎಂದು ಕೇಳಿದ್ದೇ ತಂಗಿ ಫೋನನ್ನು ಎದೆಗೆ ಒತ್ತಿಕೊಂಡು, "ಎಂತ ಹೇಳೂದು ಮಾವಾ?" ಎಂದಳು.

"ಮನೆಯವ್ರನ್ನ ಕರ್ಕಂಡು ಬರೂಕೆ ಹೇಳು" ಎಂದ ಮಾವ, ಉಪ್ಪಿನಕಾಯಿ ಮುರಿಯುತ್ತ. "ನಾ ಕರ್ದೆ ಅಂತ ಹೇಳು."